ಹಿಂಡಿ ನೋಡಿದ ಕೇಬಲ್ಲು

ಯಾರ ಮಾತನ್ನಾದರೂ ಕೇಳಿದ್ದು ಕೇಳಿದ ಹಾಗೆ ದಾಟಿಸುವುದು ನನ್ನಿಂದ ಆಗದ ಕೆಲಸ. ಚಿಕ್ಕವನಿದ್ದಾಗ ಅಮ್ಮ ಪಕ್ಕದ ಮನೆಗೆ ಹೆಪ್ಪು ಕೇಳಲು ಕಳಿಸಿದರೆ, ಅಮ್ಮನ ದನಿಯಲ್ಲೇ, ಅಮ್ಮನ ಹಾಗೆಯೇ ಸೊಂಟಕ್ಕೆ ಕೈಕೊಟ್ಟು, ಅವಳು ಆಡದ ಇನ್ನೂ ನಾಲ್ಕು ಮಾತು ಸೇರಿಸಿ ಕೇಳಿ, ಹೆಪ್ಪಿನ ಬದಲು ಜಗಳ ತರುತ್ತಿದ್ದೆ. ಇಂಥವನಿಗೆ ದೇವರು ಕರುಣಿಸಿದ ನೌಕರಿ ಯಾವುದು ಗೊತ್ತೇ? ಒಂದು ತುದಿಯಲ್ಲಿ ಕೊಟ್ಟದ್ದನ್ನು ಕೂಡಿಸದೆ ಕಳೆಯದೆ ಇನ್ನೊಂದು ತುದಿಗೆ ಮುಟ್ಟಿಸುವ ಕೇಬಲ್ಲನ್ನು ಆರಿಸುವುದು. ಅಣಕ ಮಾಡುವುದು ನನಗೊಬ್ಬನಿಗೇ ಬರುತ್ತದೆ ಎಂದುಕೊಂಡಿದ್ದೆ, ದೇವರಿಗೂ ಬರುತ್ತದೆ.

ಚಳ್ಳಕೆರೆಯಿಂದಾಚೆ, ದನ ಮೇಯುವ ಕಾವಲಿನ ಹುಲ್ಲು ಕಿಟಕಿಗೆ ಕಾಣುವಷ್ಟು ಹತ್ತಿರದಲ್ಲಿ ನಮ್ಮ ಪುಟ್ಟ ಖಾಸಗಿ ಪ್ರಯೋಗಾಲಯವಿದೆ. ಆಂಟೆನಾಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸುವುದು ಕಸುಬು. ಇರುವುದು ಮೂರೇ ಜನ. ಮುಖ್ಯಸ್ಥೆ ಶೈಲಜಾ ಮೇಡಂಗೆ ‘ತುಂಬಾ’, ‘ಸ್ವಲ್ಪ’ ಎಂಬ ಪದಗಳೆಂದರೆ ಆಗದು. ‘ಮೇಡಂ, ಹೊರಗೆ ತುಂಬಾ ಬಿಸಿಲು’ ಎಂದರೂ ಕನ್ನಡಕದ ಮೇಲಿಂದ ನೋಡಿ ‘ಎಷ್ಟು?’ ಅನ್ನುತ್ತಾರೆ. ಈ ‘ಎಷ್ಟು’ವನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ, ಒಮ್ಮೆ ಬಾಗಿಲ ಹಿಂದಿನಿಂದ ಅಂದಾಗ ಹಿರಿಯ ಟೆಕ್ನಿಷಿಯನ್ ತಿಪ್ಪೇಸ್ವಾಮಣ್ಣ ಕುರ್ಚಿಯಿಂದ ಎದ್ದು ನಿಂತಿದ್ದ. ಎದ್ದು ನಿಲ್ಲುವುದು ಅವನಿಗೆ ಸಣ್ಣ ಕೆಲಸವಲ್ಲ. ಆಂಟೆನಾ ತಿರುಗುವಾಗ ಅದಕ್ಕೆ ಕಟ್ಟಿದ ಕೇಬಲ್ಲೂ ತಿರುಗಬೇಕಷ್ಟೆ. ನಮ್ಮ ಹಳೆಯ ಕೇಬಲ್ಲು ಸೆಟೆದುಕೊಂಡ ಬೀಗರ ಹಾಗೆ, ಬಗ್ಗುವ ಮಾತೇ ಇಲ್ಲ. ಅಣ್ಣ ಪ್ರತಿ ಸಲವೂ ಏಣಿ ಹತ್ತಿ, ಅದರ ತಿರುಚು ಬಿಡಿಸಿ, ಇಳಿದು ಪರೀಕ್ಷಾ ಕೋಣೆಯಿಂದ ಹೊರಗೆ ಬರಬೇಕು. ದಿನಕ್ಕೆ ಹತ್ತಾರು ಸಲ ಹತ್ತಿಳಿದು ಅವನ ಮೊಣಕಾಲು ಏಣಿಗಿಂತ ಜೋರಾಗಿ ಕಿರುಗುಟ್ಟುತ್ತಿತ್ತು.

ಹಾಗಿದ್ದರೆ ಮೆತ್ತನೆಯ ಕೇಬಲ್ಲು ತರಬಾರದೇಕೆ? ತರಬಹುದು. ಆದರೆ ಕಂಪನಾಂಕ ಮೇಲೇರಿದಂತೆಲ್ಲ ಕೇಬಲ್ಲುಗಳು ಸಿಗ್ನಲ್ಲನ್ನು ದಾರಿಯಲ್ಲೇ ತಿನ್ನತೊಡಗುತ್ತವೆ. ಇದಕ್ಕೆ ನಮ್ಮವರು ಲಾಸ್ ಅನ್ನುತ್ತಾರೆ. ಸಾಮಾನ್ಯವಾಗಿ ಬಗ್ಗುವ ಕೇಬಲ್ಲು ತಿನ್ನುತ್ತದೆ, ತಿನ್ನದ ಕೇಬಲ್ಲು ಬಗ್ಗುವುದಿಲ್ಲ. ಎರಡೂ ಗುಣ ಇರುವುದೊಂದು ಸಿಗಲಿ ಎಂದು ಮೇಡಂ ಕಪ್ಪು, ಬೂದು, ನೀಲಿ ಮೂರು ಬಗೆಯ ಮಾದರಿಗಳನ್ನು, ಎರಡೆರಡು ತುಂಡಿನಂತೆ, ತರಿಸಿದರು. ‘ಪರೀಕ್ಷೆ ಮಾಡಿ ರಿಪೋರ್ಟ್ ಬರಿ. ಸಹಿಯೂ ನಿನ್ನದೇ’ ಎಂದರು. ನನ್ನ ಹೆಸರಿನ ಮೊದಲ ರಿಪೋರ್ಟು! ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, ‘ಲೇ ತಮ್ಮಾ, ನನ್ನ ಮೊಣಕಾಲು ನಿನ್ನ ಕೈಯಾಗೈತೆ. ನೋಡ್ಕಂಡು ಆರ್ಸಪ್ಪ’ ಎಂದ.

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯ ಹುಡುಗ. ನಮ್ಮಲ್ಲಿ ರೇಷ್ಮೆ ಸೀರೆಯ ಮೆದುತನ ನೋಡಲು ಅದನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತಾರೆ. ಸುಕ್ಕು ತಾನೇ ಬಿಚ್ಚಿಕೊಂಡರೆ ಒಳ್ಳೆಯ ಮಾಲು. ಈ ವಿದ್ಯೆ ಕೈಯಲ್ಲಿರುವಾಗ ಬೇರೆ ವಿಧಾನ ಯಾಕೆ? ಮಾದರಿಗಳ ಜೊತೆ ಬಂದಿದ್ದ ಹಾಳೆಯಲ್ಲಿ ‘ಇಷ್ಟಕ್ಕಿಂತ ಸಣ್ಣ ಸುತ್ತಾಗಿ ಬಗ್ಗಿಸಬಾರದು’ ಎಂದು ಬರೆದಿತ್ತು. ಅದನ್ನು ವಾರ್ತೆ ಓದುವವರ ದನಿಯಲ್ಲಿ ಓದಿ ಅಣ್ಣನನ್ನು ನಗಿಸಿ, ಹಾಳೆ ಮಡಿಸಿಟ್ಟೆ. ಆಮೇಲೆ ಸೀರೆ ವ್ಯಾಪಾರಿಯ ಹಾಗೆ ಹುಬ್ಬೇರಿಸಿ ಒಂದೊಂದನ್ನೇ ಹಿಂಡಿದೆ. ಕಪ್ಪು ಜಗ್ಗಲಿಲ್ಲ. ಬೂದು ಗೊಣಗುತ್ತ ಅರ್ಧ ಬಗ್ಗಿತು. ನೀಲಿಯಂತೂ ಮುಷ್ಟಿಯೊಳಗೆ ಮುದುಡಿ ಕೂತಿತು. ಎಷ್ಟು ಒಳ್ಳೆಯದು ಎಂದು ಇನ್ನೂ ಎರಡು ಸಲ ಹಿಂಡಿದೆ. ಆಮೇಲೆ ಯಂತ್ರಕ್ಕೆ ಹಚ್ಚಿ ಅಳೆದರೆ, ನೀಲಿಯದೇ ಎಲ್ಲಕ್ಕಿಂತ ಹೆಚ್ಚು ಲಾಸ್! ಮೆತ್ತಗಿರುವವರನ್ನು ನಂಬಬಾರದು ಎಂದುಕೊಂಡು, ಬಗ್ಗದಿದ್ದರೂ ಲಾಸ್ ಕಡಿಮೆ ಇರುವ ಕಪ್ಪೇ ಸರಿ ಎಂದು ಬರೆದು, ಉದ್ದನೆಯ ಬಾಲದ ಸಹಿ ಹಾಕಿದೆ. ‘ಸೋಮವಾರ ಆರ್ಡರ್ ಕಳಿಸೋಣ’ ಎಂದರು ಮೇಡಂ. ಅಣ್ಣ ಮೊಣಕಾಲು ಸವರುತ್ತ, ‘ಆಯ್ತು ಬಿಡಪ್ಪ, ಅದ್ರಾಗೇನೈತೆ’ ಎಂದ. ಆ ಮಾತನ್ನು ಮಾತ್ರ ನನಗೆ ಅಣಕಿಸಲು ಮನಸ್ಸು ಬರಲಿಲ್ಲ.

ಭಾನುವಾರ ಊರಿನಲ್ಲಿ ಅಮ್ಮ ಮಗ್ಗದಿಂದ ಆಗಷ್ಟೇ ಕೊಯ್ದ ಸೀರೆಯನ್ನು ಮಂಚದ ಮೇಲೆ ಹರಡಿದ್ದಳು. ಹಳೆಯ ಚಾಳಿ, ಸೆರಗನ್ನು ಬಾಚಿ ಹಿಂಡಲು ಹೋದೆ. ಮುಂಗೈ ಮೇಲೆ ಪಟ್ಟನೆ ಏಟು ಬಿತ್ತು.

‘ಏಮಿರಾ, ಏನೋ ಇದು! ಸೆರಗು ಹಿಂಡ್ತಾರೇನೋ? ಒಡಲು ಹಿಂಡ್ಕೋ, ಯಾರು ಬೇಡ ಅಂದ್ರು? ಜರಿ ಅಂದ್ರೆ ಬರೀ ದಾರ ಅನ್ಕಂಡಿಯಾ? ದಾರದ ಮೇಲೆ ಬೆಳ್ಳಿ ಸುತ್ತಿರ್ತಾರೆ. ಮುರಿಯೋ ಹಂಗೆ ಮಡಚಿದ್ರೆ ಸುತ್ತು ಬಿಟ್ಕಂಡು ಒಳಗಿನ ದಾರ ಹಲ್ಲು ಕಿರೀತೈತೆ. ಮಗ್ಗದ ಮನೇಲಿ ಹುಟ್ಟಿ ಇದೂ ಗೊತ್ತಿಲ್ವಾ?’

ಏಟು ಬಿದ್ದದ್ದು ಕೈಗೆ, ನೆನಪಾದದ್ದು ಕೇಬಲ್ಲು. ಮಡಿಸಿಟ್ಟ ಆ ಹಾಳೆಯಲ್ಲಿ ನೀಲಿ ಕೇಬಲ್ಲಿನ ಹೊಟ್ಟೆ ಸೀಳಿದ ಚಿತ್ರವಿತ್ತು: ನಡುವೆ ತಂತಿ, ಅದರ ಮೇಲೆ ಬಿಳಿಯ ಹೊದಿಕೆ, ಅದರ ಸುತ್ತ ಬೆಳ್ಳಿ ಲೇಪದ ತೆಳುವಾದ ತಾಮ್ರದ ಪಟ್ಟಿ. ಜರಿಯೇ! ಕಪ್ಪು ಜಗ್ಗದೆ ಬಚಾವಾಯಿತು. ಬಗ್ಗಿದ ತಪ್ಪಿಗೆ ನೀಲಿಯ ಸುತ್ತನ್ನು ನಾನೇ ಮೂರು ಸಲ ಮುರಿದು, ಆಮೇಲೆ ಲಾಸ್ ಜಾಸ್ತಿ ಎಂದು ಬೈದು, ಸಹಿಯನ್ನೂ ಹಾಕಿದ್ದೆ. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: ‘ಇನ್ನೂ ಮಗ್ಗದ ಮೇಲೈತಾ, ಕೊಯ್ದಾಯ್ತಾ?’

‘ಆರ್ಡರ್ ಇನ್ನೂ ಹೋಗಿಲ್ಲ. ನಾಳೆ ಕೊಯ್ತಾರೆ.’

‘ಮತ್ತೆ ಕೂತಿದ್ದೀಯಲ್ಲ! ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗು.’

ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಲೀಮು ನಡೆಸಿದೆ. ತಪ್ಪೊಪ್ಪಿಗೆಗೆ ಯಾರ ದನಿ ಒಳ್ಳೆಯದು? ಊರ ಹಿರಿಯರ ಗಾಂಭೀರ್ಯವೇ, ಅಥವಾ ಜ್ವರ ಬಂದವರ ಕ್ಷೀಣ ಸ್ವರವೇ? ಎರಡನ್ನೂ ಮೆಲ್ಲಗೆ ಆಡಿ ನೋಡುವಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಅಣ್ಣನ ಎದುರೇ ಮೇಡಂ ಮುಂದೆ ನಿಂತಾಗ ಯಾವ ದನಿಯೂ ಒದಗಲಿಲ್ಲ. ಒಣಗಿದ, ತೊದಲುವ, ಯಾರದೋ ಗೊತ್ತಾಗದ ಸ್ವರವೊಂದು ಹೊರಬಿತ್ತು. ‘ನೀಲಿದು ತಪ್ಪಿಲ್ಲ ಮೇಡಂ. ನಾನು ಹಿಂಡಿದೆ.’

ಅವರು ಕನ್ನಡಕದ ಮೇಲಿಂದ ನೋಡಿದರು. ‘ಎಷ್ಟು?’

ಮುಷ್ಟಿ ತೋರಿಸಿದೆ. ಅವರು ಸ್ಕೇಲು ತೆಗೆದು, ನಗದೆ, ನನ್ನ ಮುಷ್ಟಿಯನ್ನು ಅಳೆದು ಬರೆದುಕೊಂಡರು. ಆಮೇಲೆ ಹಳೆಯ ರಿಪೋರ್ಟಿನ ಮೇಲೆ ಅಡ್ಡಗೆರೆ ಎಳೆದು, ‘ಎರಡನೇ ತುಂಡು ತೆಗಿ. ಈ ಸಲ ಹಾಳೆ ಓದು. ನಿನ್ನ ದನಿಯಲ್ಲೇ ಓದು’ ಎಂದರು. ಹೊಸ ನೀಲಿಯನ್ನು ದೊಡ್ಡ ಡಬ್ಬದ ಸುತ್ತ, ಅಮ್ಮ ಸೆರಗು ಸುತ್ತುವಷ್ಟು ಮೆಲ್ಲಗೆ ಬಗ್ಗಿಸಿ ಅಳೆದೆವು. ಲಾಸ್ ಕಪ್ಪಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಅಷ್ಟೇ. ಎಷ್ಟು ತಿರುಗಿಸಿದರೂ ಯಂತ್ರದ ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಕೂದಲೆಳೆ ಅಂದರೆ ಎಷ್ಟು ಎಂದು ಮೇಡಂ ಕೇಳಿದರು. ರಿಪೋರ್ಟಿನಲ್ಲಿ ಅಂಕಿಯನ್ನೇ ಬರೆದಿದ್ದೇನೆ.

ನೀಲಿ ಕೇಬಲ್ಲು ಬಂದ ಮೇಲೆ ಏಣಿ ಬಾಗಿಲ ಹಿಂದೆ ಅಣ್ಣನ ಟವೆಲ್ಲು ಒಣಗಿಸುತ್ತದೆ. ಮೊಣಕಾಲಿಗೆ ಬಿಡುವು ಸಿಕ್ಕ ಅಣ್ಣನಿಗೆ ಹೊಸ ಹವ್ಯಾಸ ಹತ್ತಿದೆ. ಚಹಾ ಹೊತ್ತಿನಲ್ಲಿ ನಾನು ಯಾರನ್ನಾದರೂ ಅಣಕಿಸಲು ಬಾಯಿ ತೆರೆದರೆ ಸಾಕು, ಎದ್ದು ನಿಂತು, ಮುಷ್ಟಿ ಮುಂದೆ ಚಾಚಿ, ಒಣಗಿದ ದನಿಯಲ್ಲಿ ‘ನಾನು ಹಿಂಡಿದೆ’ ಅನ್ನುತ್ತಾನೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಅಣ್ಣ ಒಂದಕ್ಷರ ಕೂಡಿಸುವುದಿಲ್ಲ, ಒಂದು ತೊದಲನ್ನೂ ಬಿಡುವುದಿಲ್ಲ. ಇಷ್ಟು ವರ್ಷ ಊರವರನ್ನೆಲ್ಲ ಅಣಕಿಸಿದವನು ನಾನೇ ಆದ್ದರಿಂದ ಪರಿಣತನಾಗಿ ಒಪ್ಪಿಕೊಳ್ಳಲೇಬೇಕು: ಲಾಸ್ ಒಂದಿಷ್ಟೂ ಇಲ್ಲ.