ಎರಡು ಸೀಟಿನ ಕಾರು, ಆರಿಂಚಿನ ಉಬ್ಬು

ಮೊದಲೇ ಹೇಳಿಬಿಡ್ತೀನಿ, ನಡೆದದ್ದರ ಬಗ್ಗೆ ನನಗೆ ಕಿಂಚಿತ್ತೂ ಪಶ್ಚಾತ್ತಾಪ ಇಲ್ಲ. ಬೀದಿಯವರೆಲ್ಲ ನಕ್ಕರು, ನಗಲಿ. ನನ್ನ ಅತ್ತೆ ಇನ್ನೂ ನಗುತ್ತಿದ್ದಾರೆ, ಅದೂ ಇರಲಿ. ಐವತ್ತೆರಡು ವರ್ಷದ ಕೆಂಪು ಸ್ಪೋರ್ಟ್ಸ್ ಕಾರನ್ನು ಗುಜರಿಯಿಂದ ಎತ್ತಿ ತಂದು, ಆರು ವರ್ಷ ಮನೆಯ ಶೆಡ್ಡಿನಲ್ಲಿಟ್ಟು, ಒಂದೊಂದು ನಟ್ಟು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ ಮಹಾಪುರುಷ ನಾನು. ಅಂಥವನು ತಲೆ ತಗ್ಗಿಸೋದು ಒಂದೇ ಕಾರಣಕ್ಕೆ: ಆ ಕಾರಿನೊಳಗೆ ಕೂರೋದಕ್ಕೆ. ಅದರ ಚಾವಣಿ ನನ್ನ ಎದೆಮಟ್ಟಕ್ಕೂ ಬರಲ್ಲ.

ಈಗಿನ ಕಾರುಗಳನ್ನು ನಾನು ಕಾರು ಅಂತ ಒಪ್ಪೋದಿಲ್ಲ. ಅವು ಸವೆದ ಸೋಪಿನ ತುಂಡುಗಳು. ಕಾರು ಅಂದರೆ ಉದ್ದ ಮೂತಿ ಇರಬೇಕು, ಕಡ್ಡಿ ಚಕ್ರ ಇರಬೇಕು, ಮರದ ಸ್ಟೇರಿಂಗ್ ಇರಬೇಕು, ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಪಾತ್ರೆಗಳು ಮಾತಾಡಬೇಕು. ಇಟಲಿಯ ಹನ್ನೆರಡು ಸಿಲಿಂಡರಿನದು, ಎಂಜಿನ್ ಬೆನ್ನ ಹಿಂದೆ ಇರೋದು, ಬಾಗಿಲು ಆಕಾಶಕ್ಕೆ ತೆರೆಯೋದು, ಯಾವುದನ್ನು ಬೇಕಾದರೂ ಕೇಳಿ, ನಿದ್ದೆಗಣ್ಣಲ್ಲೂ ವರ್ಣಿಸ್ತೀನಿ.

"ರೀ," ಅಂದಿದ್ದಳು ನನ್ನ ಹೆಂಡತಿ ಒಮ್ಮೆ, ನನ್ನ ವರ್ಣನೆ ಎಂಟನೇ ಸಿಲಿಂಡರಿಗೆ ಬಂದಾಗ, "ಅಡುಗೆಮನೆ ನಲ್ಲಿ ಮೂರು ವಾರದಿಂದ ತೊಟ್ಟಿಕ್ತಾ ಇದೆ. ಅದು ಎಷ್ಟು ಸಿಲಿಂಡರಿಂದು?"

ಅವಳು ಗಣಿತದ ಮೇಡಂ. ಮೂವತ್ತೊಂದು ವರ್ಷ ಒಂದೇ ಶಾಲೆ. ಬಿಸಿಲಿರಲಿ, ಮಳೆಯಿರಲಿ, ಡಬಡಬ ಅನ್ನೋ ತನ್ನ ಹಳೇ ಸ್ಕೂಟರಿನಲ್ಲಿ ಹೋದವಳು. ಕಾರು ಶೆಡ್ಡಿಗೆ ಬಂದ ದಿನ ನಾನು ಎದೆ ತಟ್ಟಿ ಹೇಳಿದ್ದೆ: "ನೀನು ರಿಟೈರ್ ಆಗೋದರೊಳಗೆ ಒಂದು ದಿನ ಈ ಕಾರಲ್ಲಿ ನಿನ್ನನ್ನ ಶಾಲೆ ಬಾಗಿಲಿಗೆ ಇಳಿಸ್ತೀನಿ. ಮಹಾರಾಣಿ ಥರ!" ಆಗ ನಕ್ಕಿದ್ದಳು. ಆಮೇಲೆ ಒಂದು ಸಲವೂ ನೆನಪಿಸಲಿಲ್ಲ. ಅದೇ ನನಗೆ ಚುಚ್ಚುತ್ತಿತ್ತು. ಜಗಳ ಆಡಿದ್ದರೆ ಒಳ್ಳೆಯದಿತ್ತು.

ಆರು ವರ್ಷದಲ್ಲಿ ಉಳಿದದ್ದು ಒಂದೇ ದಿನ, ಅವಳ ಕೊನೇ ದಿನ. ಹತ್ತು ಗಂಟೆಗೆ ಶಾಲೆಯಲ್ಲಿ ಬೀಳ್ಕೊಡುಗೆ. ಹಿಂದಿನ ಸಂಜೆಯಷ್ಟೇ ಕೊನೇ ನಟ್ಟು ಬಿಗಿದಿದ್ದೆ. ಎಂಜಿನ್ ಸ್ಟಾರ್ಟ್ ಆಗಿತ್ತು. ಮಾತಿಗೆ ತಪ್ಪೋ ವಂಶವಲ್ಲ ನಮ್ಮದು.

ಇಲ್ಲಿ ಒಂದು ಹಳೇ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಕಾರಿಗೆ ಬಣ್ಣ ಹೊಡೆದು, ಶೆಡ್ಡಿನ ಬಾಗಿಲು ತೆರೆದು ಒಣಗಲು ಬಿಟ್ಟಿದ್ದೆ. ನೀರಿನ ಟ್ಯಾಂಕರ್ ಒಂದು ರೊಯ್ಯನೆ ಬಂದು, ಅರ್ಧ ಬೀದಿಯ ಧೂಳನ್ನು ನನ್ನ ಹಸಿ ಬಣ್ಣದ ಮೇಲೆ ಎಸೆದು ಹೋಯಿತು. ಅವತ್ತೇ ಶಪಥ ಮಾಡಿದೆ. ಬೀದಿ ಸಂಘದ ಕಾರ್ಯದರ್ಶಿ ನಾನೇ ತಾನೆ? ರಸ್ತೆ ಉಬ್ಬು ಬೇಕು ಅಂತ ನಗರಸಭೆಗೆ ಹದಿನೇಳು ಪತ್ರ ಬರೆದೆ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರೇ ಸಭೆಯಲ್ಲಿ ವಿರೋಧಿಸಿದ್ದು. ಅವರು ಎಲ್ಲಾ ಸಭೆಯಲ್ಲೂ ಎಲ್ಲವನ್ನೂ ವಿರೋಧಿಸುತ್ತಾರಾದ್ದರಿಂದ ಬೀದಿಯಲ್ಲಿ ಅವರ ಹೆಸರೇ ವಿರೋಧ ಪಕ್ಷ. "ಮೂರಿಂಚು ಸಾಕು" ಅಂದರು. ನಾನು ಮೇಜು ಗುದ್ದಿ "ಆರು!" ಅಂದೆ. ಗಾರೆ ಕೆಲಸದವನು ಕಟ್ಟುವಾಗ "ಸಾರ್, ಇದು ಉಬ್ಬಾ, ಜಗಲಿಯಾ?" ಅಂತ ಕೇಳಿದ. "ಕಟ್ಟಯ್ಯಾ" ಅಂದೆ. ಅವತ್ತು ಉಬ್ಬಿದ್ದು ರಸ್ತೆ ಮಾತ್ರ ಅಲ್ಲ, ನಾನೂ ಉಬ್ಬಿದ್ದೆ. ನಮ್ಮ ಬೀದಿಗೆ ಒಂದೇ ಬಾಯಿ. ಆ ಕಡೆ ಗೋಡೆ. ಹೊರಗೆ ಹೋಗಬೇಕಾದ ಯಾವ ಗಾಡಿಯೂ ನನ್ನ ಉಬ್ಬಿಗೆ ನಮಸ್ಕಾರ ಮಾಡದೆ ಹೋಗುವಂತಿರಲಿಲ್ಲ. ಆಗ ನನ್ನ ಕಾರು ಮಾತ್ರ ಚಕ್ರ ಕಳಚಿ ಶೆಡ್ಡಿನಲ್ಲಿ ಮಲಗಿತ್ತು.

ಬೆಳಿಗ್ಗೆ ಒಂಬತ್ತೂವರೆಗೆ ಕಾರನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದೆ. ಎಂಬತ್ತು ದಾಟಿದ ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು.

"ಅಳಿಯಂದ್ರೇ, ಇದರಲ್ಲಿ ಕೂತ್ಕೋಬೇಕಾ, ಮಲಗಬೇಕಾ?"

"ಎರಡೇ ಸೀಟು ಅತ್ತೆ. ಇವಳನ್ನ ಇಳಿಸಿ ಹತ್ತೇ ನಿಮಿಷದಲ್ಲಿ ನಿಮ್ಮನ್ನ ಕರ್ಕೊಂಡು ಹೋಗೋಕೆ ವಾಪಸ್ ಬರ್ತೀನಿ."

"ನೀವು ಬರ್ತೀರಿ, ಗೊತ್ತು. ಕಾರು ಬರುತ್ತಾ?"

ಉತ್ತರ ಕೊಡೋ ಮಟ್ಟಕ್ಕೆ ನಾನು ಇಳಿಯಲಿಲ್ಲ. ಸೀಟಿಗೆ ಇಳಿದೆ. ಹೆಂಡತಿ ಹೊಸ ಬಟ್ಟೆ ಸುಕ್ಕಾಗದ ಹಾಗೆ ಒಂದು ಕೈ, ಒಂದು ಕಾಲು, ಆಮೇಲೆ ಉಳಿದದ್ದು ಅಂತ ಕಂತಿನಲ್ಲಿ ಒಳಗೆ ಬಂದಳು. ಎಂಜಿನ್ ಗುಡುಗಿತು. ವಿರೋಧ ಪಕ್ಷದವರು ಪೇಪರ್ ಹಿಡಿದು ಹೊರಗೆ ಬಂದರು. ನಾನು ಕೈ ಬೀಸಿದೆ. ಹೆಂಡತಿಯ ಮುಖ ನೋಡಿದೆ, ನಿಜಕ್ಕೂ ಖುಷಿಯಾಗಿದ್ದಳು. ಆರು ವರ್ಷದ ಗ್ರೀಸು, ಬೈಗುಳ, ಬೆನ್ನುನೋವು ಎಲ್ಲ ಅಲ್ಲೇ ತೀರಿತು.

ಹದಿನೈದು ಹೆಜ್ಜೆ ದೂರ ಹೋದೆವು.

ಮುಂದಿನ ಚಕ್ರಗಳು ಉಬ್ಬು ಹತ್ತಿದವು, ಇಳಿದವು. ಆಮೇಲೆ ಕಾರಿನ ಹೊಟ್ಟೆಯ ಕೆಳಗಿಂದ ದೊಡ್ಡ ಬೀರು ಎಳೆದಂಥ ಸದ್ದು ಬಂತು. ಕಾರು ಅಲ್ಲೇ ನಿಂತಿತು. ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ, ನಡುವೆ ನನ್ನ ಹದಿನೇಳು ಪತ್ರಗಳ ಫಲ. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ಧೂಳೆಬ್ಬಿಸಿ ಸುಮ್ಮನೆ ತಿರುಗುತ್ತಿದ್ದವು.

ವಿರೋಧ ಪಕ್ಷದವರು ಪೇಪರ್ ಮಡಿಸಿ, ನಿಧಾನವಾಗಿ ಬಂದು, ನನ್ನ ಕಿಟಕಿಗೆ ಬಗ್ಗಿದರು. ಇಂಥ ದಿನಕ್ಕಾಗಿ ಅವರು ಎರಡು ವರ್ಷ ಕಾದಿರಬೇಕು.

"ಕಾರ್ಯದರ್ಶಿಗಳೇ, ಉಬ್ಬು ಗಟ್ಟಿಯಾಗಿದೆ ಅಲ್ವಾ?"

"ಗಟ್ಟಿಯಾಗಿಯೇ ಇದೆ! ಅದಕ್ಕೇ ಹಾಕಿಸಿದ್ದು!"

"ಮೂರಿಂಚು ಸಾಕು ಅಂದಿದ್ದೆ."

"ಆರೇ ಸರಿ. ಇವತ್ತೂ ಅದೇ ಹೇಳ್ತೀನಿ."

"ರೀ," ಅಂದಳು ಹೆಂಡತಿ, ಗಡಿಯಾರ ನೋಡುತ್ತಾ. "ಹತ್ತಕ್ಕೆ ಇಪ್ಪತ್ತು ನಿಮಿಷ ಇದೆ. ನಾನು ಸ್ಕೂಟರಲ್ಲಿ ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಆ "ಬೇಜಾರು ಮಾಡ್ಕೋಬೇಡಿ" ಇದೆಯಲ್ಲ, ಅದು ಆರಿಂಚಿಗಿಂತ ಎತ್ತರ ಇತ್ತು. "ಸ್ಕೂಟರ್ ಮುಟ್ಟಿದರೆ ನೋಡು!" ಅಂದೆ. "ಈ ಕಾರಲ್ಲೇ ಹೋಗ್ತೀಯ. ಎಲ್ಲರೂ ಬನ್ನಿ, ಎತ್ತಿ!"

ಬೀದಿ ಸೇರಿತು. ಮೂಲೆ ಮನೆಯ ಟೈಲರ್, ಬ್ರೆಡ್ ಮಾರುವವನು, ಇನ್ನೂ ಐದಾರು ಜನ. ಹೆಂಡತಿ ಇಳಿದಳು. ನಾನು ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತೆ.

"ನೀವೂ ಇಳೀರಿ ಸಾರ್," ಅಂದರು ಟೈಲರ್. ಅವರು ನನ್ನ ಪ್ಯಾಂಟಿನ ಸೊಂಟವನ್ನು ವರ್ಷಕ್ಕೆರಡು ಸಲ ಬಿಚ್ಚಿ ಹೊಲಿಯುವವರು. "ನಿಮ್ಮ ಅಳತೆ ನನಗೆ ಗೊತ್ತು."

ಇಳಿಯೋದು ಹೇಳಿದಷ್ಟು ಸುಲಭ ಅಲ್ಲ. ಸೀಟು ನೆಲಕ್ಕಂಟಿದೆ, ಹೊಟ್ಟೆ ಸ್ಟೇರಿಂಗಿಗಂಟಿದೆ. ಕೊನೆಗೆ ಅಂಬೆಗಾಲಿಕ್ಕಿ ಹೊರಗೆ ಬಂದೆ. ಕಾರ್ಯದರ್ಶಿ ರಸ್ತೆ ಪರಿಶೀಲನೆ ಮಾಡುತ್ತಿದ್ದಾರೆ ಅಂತ ವಿರೋಧ ಪಕ್ಷದವರು ಘೋಷಿಸಿದರು. ಮುಂದಕ್ಕೆ ಎಳೆದರೆ ಹೊಟ್ಟೆ ಇನ್ನೂ ಕೆರೆಯುತ್ತೆ ಅಂತ ಎಲ್ಲರೂ ಸೇರಿ ಕಾರನ್ನು ಎತ್ತಿ ಉಬ್ಬಿನ ಈ ಕಡೆಗೇ ಇಟ್ಟರು. ಹೊರಟಲ್ಲಿಗೇ ಬಂದಿದ್ದೆವು.

ಆಗ ಹೆಂಡತಿ ಬ್ಯಾಗಿಗೆ ಕೈ ಹಾಕಿ ಒಂದು ಚೂರು ಸೀಮೆಸುಣ್ಣ ತೆಗೆದಳು. ರಸ್ತೆ ಮೇಲೆ ಒಂದು ಗೆರೆ, ಅದಕ್ಕೆ ಓರೆಯಾಗಿ ಇನ್ನೊಂದು ಗೆರೆ ಎಳೆದಳು.

"ನೇರ ಹೋದರೆ ಎರಡು ಚಕ್ರ ಒಟ್ಟಿಗೆ ಇಳಿಯುತ್ತೆ, ಹೊಟ್ಟೆ ತಗಲುತ್ತೆ. ಓರೆಯಾಗಿ ಹೋದರೆ ಒಂದೊಂದೇ ಚಕ್ರ ಹತ್ತಿ ಇಳಿಯುತ್ತೆ, ಹೊಟ್ಟೆ ಮೇಲೇ ಇರುತ್ತೆ."

ಬೀದಿ ಪೂರ್ತಿ ಗೆರೆ ನೋಡಿತು, ಆಮೇಲೆ ನನ್ನ ಮುಖ ನೋಡಿತು. ಜಗತ್ತಿನ ಯಾವ ಕಾರಿನ ಎಂಜಿನ್ ಎಲ್ಲಿದೆ ಅಂತ ಬಲ್ಲವನು ನಾನು. ಇದೊಂದು ಯಾರೂ ಹೇಳಿರಲಿಲ್ಲ.

"ನನಗೂ ಅದೇ ಹೊಳೆದಿತ್ತು," ಅಂದೆ. "ಸರಿ, ಹತ್ತು."

"ನೀವು ಕೂತರೆ ಕಾರು ಇನ್ನೂ ಒಂದಿಂಚು ತಗ್ಗುತ್ತೆ ರೀ. ಲೆಕ್ಕಕ್ಕೆ ಹೊಂದಲ್ಲ. ಬೀಗದ ಕೈ ಕೊಡಿ."

"ನಿನಗೆಲ್ಲಿ ಬರುತ್ತೆ? ಇದರ ಕ್ಲಚ್ ಬಹಳ ಸೂಕ್ಷ್ಮ ಕಣೇ."

"ಮದುವೆಗೆ ಮುಂಚೆ ಅಪ್ಪನ ಜೀಪು ಓಡಿಸ್ತಿದ್ದೆ. ಲೈಸೆನ್ಸ್ ಇನ್ನೂ ಇದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಸೂಕ್ಷ್ಮದ ಮಾತು ಬಿಡಿ, ಮೂವತ್ತೊಂದು ವರ್ಷ ಎಂಟನೇ ಕ್ಲಾಸಿಗೆ ಬೀಜಗಣಿತ ಕಲಿಸಿದೀನಿ."

ಬೀಗದ ಕೈ ಕೊಟ್ಟೆ. ಅವಳು ಕೂತಳು. ಪಕ್ಕದ ಸೀಟು ಖಾಲಿ.

"ನನ್ನ ತೂಕ ಮೂವತ್ತೊಂಬತ್ತು ಕೆಜಿ," ಅಂದರು ಅತ್ತೆ, ಯಾರೂ ಕೇಳದಿದ್ದರೂ. ಆಗಲೇ ಒಂದು ಕಾಲು ಒಳಗಿತ್ತು.

ಕಾರು ಸೀಮೆಸುಣ್ಣದ ಗೆರೆ ಹಿಡಿದು ಓರೆಯಾಗಿ ಹೊರಟಿತು. ಒಂದು ಚಕ್ರ ಹತ್ತಿತು, ಇಳಿಯಿತು. ಇನ್ನೊಂದು. ಮೂರನೆಯದು. ನಾಲ್ಕನೆಯದು ಇಳಿದಾಗ ಬೀದಿ ಚಪ್ಪಾಳೆ ಹೊಡೆಯಿತು, ವಿರೋಧ ಪಕ್ಷದವರೂ ಹೊಡೆದರು. ಆ ಎಂಜಿನ್ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ಕೇಳಿದೆ. ಹೊರಗಿನಿಂದ ಕೇಳಿದ್ದು ಅದೇ ಮೊದಲು. ಎಂಥ ಸದ್ದು ಅಂತೀರಿ!

ಆಮೇಲೆ ಅವಳ ಸ್ಕೂಟರ್ ಹತ್ತಿದೆ. ನನ್ನದೇ ಉಬ್ಬಿನ ಮೇಲೆ ಎಗರಿ, ಡಬಡಬ ಅಂತ ಶಾಲೆ ಮುಟ್ಟಿದೆ. ಗೇಟಿನಲ್ಲಿ ಕಾವಲುಗಾರ ತಡೆದ.

"ಯಾರು ಬೇಕು?"

"ಆ ಕೆಂಪು ಕಾರಿದೆಯಲ್ಲ, ಅದು ನಂದು."

ಅವನು ನನ್ನನ್ನೂ ಸ್ಕೂಟರನ್ನೂ ನೋಡಿದ. "ಮೇಡಂ ಆಗಲೇ ಒಳಗೆ ಹೋದರು. ಡ್ರೈವರುಗಳೆಲ್ಲ ಆ ಬೆಂಚಲ್ಲಿ ಕೂತ್ಕೊಳ್ಳಿ."

ನಾನು ಕೂರಲಿಲ್ಲ. ಅವನು ಬಾಯಿ ಬಿಟ್ಟು ನೋಡುತ್ತಿರುವಾಗಲೇ ನೇರ ಒಳಗೆ ನಡೆದೆ. ಸಭಾಂಗಣದ ಬಾಗಿಲಿಗೆ ಬರುವಾಗ ಅವಳು ಮೈಕಿನ ಮುಂದೆ ನಿಂತಿದ್ದಳು.

"ಆರು ವರ್ಷದ ಹಿಂದೆ ನಮ್ಮ ಯಜಮಾನರು ಒಂದು ಮಾತು ಕೊಟ್ಟಿದ್ದರು, ನನ್ನನ್ನ ಕಾರಲ್ಲಿ ಇಲ್ಲಿಗೆ ಕರ್ಕೊಂಡು ಬರ್ತೀನಿ ಅಂತ. ಮಾತಿಗೆ ತಪ್ಪಲಿಲ್ಲ. ಮೂರೇ ಮೂರಿಂಚು ತಪ್ಪಿತು ಅಷ್ಟೆ. ಅಲ್ಲಿ ಬಾಗಿಲಲ್ಲಿ ನಿಂತಿದ್ದಾರೆ ನೋಡಿ."

ಇಡೀ ಶಾಲೆ ತಿರುಗಿ ನೋಡಿತು. ನಾನು ತಲೆ ತಗ್ಗಿಸಲಿಲ್ಲ. ಕೈ ಬೀಸಿದೆ.

ಈಗ ಅವಳು ದಿನಾ ಸಂಜೆ ಕಾರು ಓಡಿಸುತ್ತಾಳೆ. ಪಕ್ಕದಲ್ಲಿ ನಾನು. ಉಬ್ಬು ಬಂತೆಂದರೆ ಕಾರು ನಿಲ್ಲುತ್ತೆ, ನಾನು ಅಂಬೆಗಾಲಿಕ್ಕಿ ಇಳೀತೀನಿ, ಆಚೆಗೆ ನಡೆದು ಹೋಗಿ ಮತ್ತೆ ಹತ್ತುತ್ತೀನಿ. ಮೊನ್ನೆ ವಿರೋಧ ಪಕ್ಷದವರಿಗೂ ಕನಿಕರ ಬಂತು.

"ಉಬ್ಬು ತಗ್ಗಿಸಿ ಅಂತ ಹದಿನೆಂಟನೇ ಪತ್ರ ಬರೀರಿ ಸ್ವಾಮಿ. ಮೊದಲನೇ ಸಹಿ ನಂದು."

"ಸಾಧ್ಯವೇ ಇಲ್ಲ!" ಅಂದೆ. "ಒಂದಿಂಚೂ ತಗ್ಗಲ್ಲ. ಅದೂ ಅಷ್ಟೇ, ನಾನೂ ಅಷ್ಟೇ."

"ತಗ್ಗಿಸೋದು ಬೇಡ ಬಿಡಿ," ಅಂದಳು ಸ್ಟೇರಿಂಗ್ ಹಿಂದಿನಿಂದ ಹೆಂಡತಿ. "ದಿನಾ ಸಂಜೆ ಸ್ವಲ್ಪ ನಡೀರಿ ಅಂತ ಡಾಕ್ಟರು ನಾಲ್ಕು ವರ್ಷದಿಂದ ಇವರಿಗೆ ಹೇಳ್ತಾನೇ ಇದ್ದರು."