ಕೊರಳಿಗೆ ಬಿದ್ದ ಕಂಡುವಾ

ನನ್ನ ಸೋದರಮಾವ ಸದ್ಯ ಯಾವ ಪಕ್ಷದಲ್ಲಿದ್ದಾರೆ ಎಂಬುದು ಇಡೀ ಹೈದರಾಬಾದಿನಲ್ಲಿ ಮೂರೇ ಜನರಿಗೆ ಗೊತ್ತಿಲ್ಲ. ಒಬ್ಬರು ಅವರ ಹೆಂಡತಿ, ಇನ್ನೊಬ್ಬ ಅವರ ಡ್ರೈವರ್, ಮೂರನೆಯವರು ಸ್ವತಃ ಅವರೇ! ಉಳಿದವರೆಲ್ಲ ಬೆಳಿಗ್ಗೆ ಪೇಪರ್ ನೋಡಿ ತಿಳಿದುಕೊಳ್ಳುತ್ತಾರೆ. ನಮ್ಮ ಮನೆಗೆ ಪೇಪರಿನವನು ತಡವಾಗಿ ಬರುತ್ತಾನೆ, ಆದ್ದರಿಂದ ಹತ್ತು ಗಂಟೆಯವರೆಗೆ ನನಗೂ ಗೊಂದಲವೇ.

ಮಾಮಾ ಮಾಜಿ ಶಾಸಕರು. ಪಟಾನ್‌ಚೆರುವಿನಲ್ಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕ್ ಮಾಡುವ ಫ್ಯಾಕ್ಟರಿಯ ಮಾಲೀಕರು. ಮನೆಯಲ್ಲಿ ಕನ್ನಡ, ಭಾಷಣಕ್ಕೆ ತೆಲುಗು, ಡ್ರೈವರ್ ಜೊತೆ ಹಿಂದಿ, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಇಂಥವರು ಶಾಸಕರಾದದ್ದಾದರೂ ಹೇಗೆ ಎನ್ನುತ್ತೀರಾ? ಇಬ್ಬರು ಘಟಾನುಘಟಿಗಳು ಒಂದೇ ಟಿಕೆಟ್ಟಿಗಾಗಿ ಕಚ್ಚಾಡುತ್ತಿದ್ದರು. ಹೈಕಮಾಂಡಿಗೆ ತಲೆ ಕೆಟ್ಟು, ಯಾರ ಜೊತೆಗೂ ಜಗಳವಿಲ್ಲದ ಒಬ್ಬ ಮನುಷ್ಯನನ್ನು ಹುಡುಕಿ ತನ್ನಿ ಎಂದಿತು. ಮಾಮಾ ಆ ದಿನ ಅದೇ ಪಕ್ಷದ ಕಚೇರಿಯ ಟೆರೇಸಿನ ಮೇಲೆ ನಿಂತು ಟ್ಯಾಂಕ್ ಕೂರಿಸುತ್ತಿದ್ದರು. ಕೆಳಗಿಳಿದು ಬರುವಷ್ಟರಲ್ಲಿ ಅಭ್ಯರ್ಥಿ!

"ನಲ್ಲಿ ಸೋರಾಕತ್ತೈತಿ ಅಂತ ಕರದಾರೇನೋ ಅನ್ಕೊಂಡಿದ್ದೆ" ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಗೆದ್ದರು. ಗೆದ್ದವರು ಸುಮ್ಮನಿರದೆ ಬಡವರ ಮನೆಮನೆಗೂ ಟ್ಯಾಂಕ್ ಕೊಟ್ಟರು, ಅದರ ಹೊಟ್ಟೆಯ ಮೇಲೆ ತಮ್ಮ ಪಕ್ಷದ ಬಣ್ಣದ ಪಟ್ಟಿ ಬಳಿಸಿದರು. ಮುಂದಿನ ಚುನಾವಣೆಯಲ್ಲಿ ಟಿಕೆಟ್ ತಪ್ಪಿತು. ಮಾಮಾ ಪಕ್ಷ ಬದಲಿಸಿದರು, ಪಟ್ಟಿಯ ಬಣ್ಣವೂ ಬದಲಾಯಿತು. ಅಲ್ಲಿಯೂ ತಪ್ಪಿತು, ಮತ್ತೆ ಬದಲಿಸಿದರು. ಈಗ ಅವರ ರಾಜಕೀಯ ಚರಿತ್ರೆಯನ್ನು ತಿಳಿಯಬೇಕೆಂದರೆ ಯಾವ ಪುಸ್ತಕವನ್ನೂ ತೆರೆಯಬೇಕಾಗಿಲ್ಲ, ಆ ಕ್ಷೇತ್ರದ ಯಾವುದಾದರೂ ಟೆರೇಸ್ ಹತ್ತಿ ಸುತ್ತ ನೋಡಿದರೆ ಸಾಕು.

ನಮ್ಮ ತೆಲಂಗಾಣದಲ್ಲಿ ಪಕ್ಷ ಸೇರುವುದೆಂದರೆ ಅರ್ಜಿ ಗಿರ್ಜಿ ಯಾರಿಗೂ ನೆನಪಾಗುವುದಿಲ್ಲ. ದೊಡ್ಡ ನಾಯಕರು ವೇದಿಕೆಯ ಮೇಲೆ ನಿಮ್ಮ ಕೊರಳಿಗೆ ಕಂಡುವಾ ಹಾಕಬೇಕು. ಕಂಡುವಾ ಎಂದರೆ ಪಕ್ಷದ ಬಣ್ಣದ ಶಲ್ಯ. ಅದು ಕೊರಳಿಗೆ ಬಿತ್ತು, ಫೋಟೋ ಹೊಡೆದರು ಎಂದರೆ ಮುಗಿಯಿತು, ನೀವು ಆ ಪಕ್ಷದವರು. ಮಾಮಾನ ಮನೆಯಲ್ಲಿ ಇಂಥ ಕಂಡುವಾಗಳ ಸುಗ್ಗಿ. ಅತ್ತೆ ಅವನ್ನೆಲ್ಲ ಕತ್ತರಿಸಿ ಉಪ್ಪಿನಕಾಯಿ ಭರಣಿಗಳ ಬಾಯಿಗೆ ಕಟ್ಟಿದ್ದಾರೆ. ಮಾವಿನಕಾಯಿಗೆ ಆಡಳಿತ ಪಕ್ಷ, ನಿಂಬೆಕಾಯಿಗೆ ವಿರೋಧ ಪಕ್ಷ. ಚುನಾವಣೆಯಾದ ಮೇಲೆ ಯಾವುದು ಯಾವುದಕ್ಕೆಂದು ಗೊಂದಲವಾಗಿ ನಾವೆಲ್ಲ ಭರಣಿ ಮೂಸಿ ನೋಡಬೇಕಾಯಿತು.

ಹಜಾರದ ಗೋಡೆಯ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಒಂದೇ ಮೊಳೆಗೆ ಎಲ್ಲ ಪಕ್ಷಗಳ ನಾಯಕರ ಫೋಟೋಗಳು, ಒಂದರ ಹಿಂದೊಂದು. ಗಂಟೆ ಬಾರಿಸಿದರೆ ಅತ್ತೆ ಬಾಗಿಲಿನ ತೂತಿನಲ್ಲಿ ಇಣುಕಿ, ಬಂದವರು ಯಾರೆಂದು ನೋಡಿಕೊಂಡು, ಸಂಬಂಧಪಟ್ಟ ನಾಯಕರನ್ನು ಮುಂದಕ್ಕೆ ತರುತ್ತಾರೆ. ಒಮ್ಮೆ ಕನ್ನಡಕ ಸಿಗದೆ ಎಡವಟ್ಟಾಯಿತು. ಒಳಗೆ ಬಂದ ಜಿಲ್ಲಾಧ್ಯಕ್ಷರು ಎದುರಾಳಿಯ ನಗುಮುಖ ಕಂಡು ಕುಳಿತುಕೊಳ್ಳದೆ ನಿಂತೇಬಿಟ್ಟರು. ಮಾಮಾ ಗಡಬಡಿಸಿ ಗೋಡೆಯ ಕಡೆ ಓಡಿದರು.

ಅತ್ತೆ ಮಾತ್ರ ಚಹಾ ಕೊಡುತ್ತಾ, "ಅದು ಹೋದ ತಿಂಗಳದ್ದ ಕ್ಯಾಲೆಂಡರ್ ರೀ. ಹರದು ಹಾಕೋದ ಮರತೀನಿ" ಎಂದರು!

ಪಾಪ, ಡ್ರೈವರನದು ಇನ್ನೊಂದು ಸಂಕಟ. ಕಾರಿನ ಡಿಕ್ಕಿಯಲ್ಲಿ ಎಲ್ಲ ಬಣ್ಣದ ಬಾವುಟಗಳೂ ಇವೆ. ದಿನಾ ಬೆಳಿಗ್ಗೆ ಅವನು ಕೈಕಟ್ಟಿ ನಿಂತು, "ಸಾಬ್, ಆಜ್ ಕೌನ್ ಸಾ ಝಂಡಾ?" ಎಂದು ಕೇಳುತ್ತಾನೆ. ಮಾಮಾ ಆಕಾಶ ನೋಡಿ ಸ್ವಲ್ಪ ಹೊತ್ತು ಯೋಚಿಸಿ, "ರಹನೇ ದೋ, ಐಸೇಚ್ ಚಲೋ" ಎನ್ನುತ್ತಾರೆ. ಹೀಗೆ ಬಾವುಟವಿಲ್ಲದ ಕಾರಿನಲ್ಲಿ ಹೋದ ದಿನ ಎಲ್ಲ ಪಕ್ಷದವರೂ ಅವರನ್ನು ನೋಡಿ ಕೈ ಬೀಸುತ್ತಾರಂತೆ.

ನಗುವುದೇನೋ ಸರಿ. ಆದರೆ ಆ ಮನುಷ್ಯನಿಗೆ ಮತ್ತೊಮ್ಮೆ ಶಾಸಕನಾಗಬೇಕೆಂಬ ಆಸೆ ಎಷ್ಟಿತ್ತೆಂದರೆ, ಬೇರೆ ಆಸೆಗಳಿಗೆ ಜಾಗವೇ ಇರಲಿಲ್ಲ. ಈ ಸಲದ ಚುನಾವಣೆಗೆ ಮುಂಚೆ ಅತ್ತೆ ಖಡಾಖಂಡಿತವಾಗಿ ಹೇಳಿದರು.

"ಇದ ಕಡೀದು ನೋಡ್ರಿ. ಈ ಸರ್ತಿ ಟಿಕೀಟ್ ಸಿಗಲಿಲ್ಲಂದ್ರ ಸುಮ್ನ ಫ್ಯಾಕ್ಟರಿ ನೋಡ್ಕೊಂಡು ಮನ್ಯಾಗಿರಬೇಕು."

"ಆತು ಮಾರಾಯ್ತಿ, ಈ ಸರ್ತಿ ಸಿಗತೈತಿ" ಎಂದರು ಮಾಮಾ. ನಿಜವಾಗಿಯೂ ಸಿಗುವುದರಲ್ಲಿತ್ತು! ಒಂದೇ ಪಕ್ಷದಲ್ಲಿ ಅಲುಗಾಡದೆ ಕುಳಿತಿದ್ದರು. ಹೆಸರು ಪಕ್ಕಾ ಆಗಿದೆ, ಸಂಜೆ ಅಭ್ಯರ್ಥಿಗಳ ಪಟ್ಟಿ ಬರುತ್ತದೆ ಎಂದು ಫೋನ್ ಬಂತು. ನಾವೆಲ್ಲ ಬೇಗಂಪೇಟೆಯ ಅವರ ಮನೆಯಲ್ಲಿ ಸೇರಿದೆವು. ಅತ್ತೆ ಎಷ್ಟು ಬೈದುಕೊಂಡರೂ ಬಾದಾಮಿ ಪುರಿ ತರಿಸಿದ್ದರು.

ಅದೇ ಮಧ್ಯಾಹ್ನ ಬಸಣ್ಣ ಮೇಸ್ತ್ರಿಯ ಫೋನ್ ಬಂತು. ಈತ ಯಾದಗಿರಿ ಕಡೆಯವನು, ಮಾಮಾನಿಗೆ ಹಳೆಯ ಪರಿಚಯ. ಗಚ್ಚಿಬೌಲಿಯಲ್ಲಿ ಕಟ್ಟಡ ಕಟ್ಟುವ ನಮ್ಮ ಕಡೆಯ ಕೂಲಿ ಜನರ ಮುಂದಾಳು. ಅವರ ಗುಡಿಸಲುಗಳಿಗೆ ನೀರಿನ ಪೈಪು ಹಾಕಿಸುತ್ತೇವೆಂದು ಇನ್ನೊಂದು ಪಕ್ಷದವರು ಮಾತು ಕೊಟ್ಟಿದ್ದರಿಂದ, ಅವನು ಆ ದಿನ ಎಲ್ಲರ ಪರವಾಗಿ ಆ ಪಕ್ಷಕ್ಕೆ ಸೇರುವವನಿದ್ದ. ಮಾಮಾ ಫೋನಿನಲ್ಲಿ ಹೂಂ ಹೂಂ ಎಂದು, ಚಪ್ಪಲಿ ಮೆಟ್ಟಿ, "ಒಂದ್ ತಾಸಿನ್ಯಾಗ ಬಂದೆ" ಎಂದು ಹೊರಟೇಬಿಟ್ಟರು.

ನಾವು ಪಟ್ಟಿಗಾಗಿ ಟಿವಿ ಮುಂದೆ ಕುಳಿತಿದ್ದೆವು. ಟಿವಿಯಲ್ಲಿ ಆ ಇನ್ನೊಂದು ಪಕ್ಷದ ಸಮಾರಂಭ ಬರುತ್ತಿತ್ತು. ವೇದಿಕೆಯ ಮೇಲೆ ಸಾಲು, ನಾಯಕರು ಒಬ್ಬೊಬ್ಬರಿಗೂ ಕಂಡುವಾ ಹಾಕುತ್ತಿದ್ದಾರೆ. ಅಷ್ಟು ಗದ್ದಲದಲ್ಲಿ ಮುಖ ನೋಡುವ ಪದ್ಧತಿ ಎಲ್ಲಿ? ಮುಂದೆ ಬಂದ ಕೊರಳಿಗೆ ಒಂದೊಂದು. ಬಸಣ್ಣನ ಕೊರಳಿಗೆ ಬಿತ್ತು. ಅವನ ಪಕ್ಕದ ಕೊರಳಿಗೂ ಬಿತ್ತು. ಆ ಕೊರಳ ಮೇಲೆ ನಮ್ಮ ಮಾಮಾನ ಮುಖವಿತ್ತು!

ಟಿವಿಯ ಕೆಳಗಿನ ಸಾಲಿನಲ್ಲಿ 'ಮಾಜಿ ಶಾಸಕರ ಸೇರ್ಪಡೆ' ಎಂದು ಓಡತೊಡಗಿತು. ಹಾಕಿದ್ದನ್ನು ವೇದಿಕೆಯ ಮೇಲೆಯೇ ತೆಗೆದರೆ ನಾಯಕರಿಗೆ ಅವಮಾನ. ಮಾಮಾ ಕೈಮುಗಿದು, ಎಲ್ಲಿದ್ದೇನೆಂದು ತಿಳಿಯದವರಂತೆ ಅತ್ತಿತ್ತ ನೋಡುತ್ತಿದ್ದರು. ವರದಿಗಾರನೊಬ್ಬ ಮೈಕ್ ಹಿಡಿದು, ಇಷ್ಟು ದಿಢೀರನೆ ಏಕೆ ಸೇರಿದಿರಿ ಎಂದು ಕೇಳಿದ. ಅಭ್ಯಾಸಬಲ ನೋಡಿ, "ಕ್ಷೇತ್ರದ ಅಭಿವೃದ್ಧಿಗಾಗಿ" ಎಂದು ತೆಲುಗಿನಲ್ಲಿ ಹೇಳಿಯೇಬಿಟ್ಟರು!

ಸಂಜೆ ಪಟ್ಟಿ ಬಂತು. ಅವರ ಜಾಗದಲ್ಲಿ ಬೇರೆಯವರ ಹೆಸರಿತ್ತು. ಹೊಸ ಪಕ್ಷದವರಿಗೆ ತಾವು ಇವರನ್ನು ಕರೆದದ್ದೇ ನೆನಪಿರಲಿಲ್ಲ. ಕರೆದಿದ್ದರಲ್ಲವೇ ನೆನಪಿರುವುದು? ಬಾದಾಮಿ ಪುರಿಯ ಡಬ್ಬಿ ಹಾಗೇ ಉಳಿಯಿತು. ಊರೆಲ್ಲ ನಕ್ಕಿತು. ನಾನೂ ನಕ್ಕೆ, ಅತ್ತೆ ಮಾತು ಬಿಟ್ಟರು. ಮಾಮಾ ಏನು ಕೇಳಿದರೂ, "ಗದ್ಲಾ ಇತ್ತು, ತಿಳೀಲಿಲ್ಲ" ಎನ್ನುತ್ತಿದ್ದರು.

ಕೆಲವು ದಿನಗಳ ನಂತರ ಬಸಣ್ಣ ಮನೆಗೆ ಬಂದ. ಹೊಸ್ತಿಲ ಹೊರಗೇ ನಿಂತು ಅತ್ತೆಗೆ ಕೈಮುಗಿದ.

"ಅವ್ವಾರೀ, ಗೇಟಿನ್ಯಾಗ ನನ್ನ ಒಳಗ ಬಿಡಲಿಲ್ಲರೀ. ಅಂಗಿಗೆ ಸಿಮಿಟ್ ಹತ್ತಿತ್ತು, ಕೂಲ್ಯಾರು ಆಕಡೆ ಕುಂದರ್ರಿ ಅಂತ ದಬ್ಬಿದ್ರು. ಸಾವ್ಕಾರ್ರು ಬಂದು ಕೈ ಹಿಡದು ವೇದಿಕಿತನಕ ಕರಕೊಂಡು ಹೋದ್ರು. ಮೆಟ್ಟಲ ಹತ್ರ ಬಿಟ್ಟು ಬರ್ತೀನಿ ಅಂದಿದ್ರು. ನನಗ ಕಾಲು ನಡಗಾಕತ್ತಿದ್ವು, ನಾ ಕೈ ಬಿಡಲಿಲ್ಲರೀ. ತಪ್ಪು ನಂದ. ನಾನೂ ಆ ಪಾರ್ಟಿ ಬಿಡ್ತೀನಿ."

ಮಾಮಾ ಒಳಗಿನಿಂದ ದಡದಡ ಬಂದರು. "ಹುಚ್ಚ ಅದೀಯೇನು? ಪಾರ್ಟಿ ಬಿಟ್ರ ಪೈಪು ಯಾರು ಹಾಕ್ಸತಾರ? ನಡಿ, ಮೊದಲ ಒಳಗ ಬಂದು ಕುಂದ್ರು!"

ಅತ್ತೆ ಅವನಿಗೆ ಊಟಕ್ಕೆ ಬಡಿಸಿದರು. ಅವನು ಹೋದ ಮೇಲೆ ನಾನು ಕೇಳಿದೆ, "ಮಾಮಾ, ಕೈ ಬಿಡಿಸ್ಕೊಂಡು ಇಳದು ಬರಬಹುದಿತ್ತಲ್ಲ?"

"ಬರಬಹುದಿತ್ತವಾ" ಎಂದರು. "ಆದ್ರ ಅಂವ ಅಲ್ಲೇ ಕುಸದು ಕುಂತಿದ್ರ? ಎಲ್ಲಾರೂ ನಗ್ತಿದ್ರು ಅವನ್ನ ನೋಡಿ."

ಇಷ್ಟು ದಿನ ಈ ಮನುಷ್ಯನನ್ನು ನೋಡಿ ನಾನೂ ನಕ್ಕಿದ್ದೆ. ಮಾಮಾ ಸೋಫಾದ ಅಂಚಿಗೆ ಕುಳಿತರು. ಆಮೇಲೆ ಚಿಕ್ಕ ಹುಡುಗನಂತೆ ಮೆಲ್ಲಗೆ ಕೇಳಿದರು, "ಈ ಸರ್ತಿ ನಾ ಆರಿಸಿ ಬರ್ತಿದ್ನಿ, ಹೌದಿಲ್ಲೋ?"

"ಖರೇನ ಬರ್ತಿದ್ರಿ ಮಾಮಾ" ಎಂದೆ.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಅವರ ಪಕ್ಕ ಕುಳಿತರು. ಅಷ್ಟು ದಿನಗಳ ಮೇಲೆ ಅವರಾಡಿದ ಮೊದಲ ಮಾತು ಅದು. "ನಾ ಅಂತೂ ನಿಮಗ ಓಟು ಹಾಕ್ತಿದ್ದೆ ರೀ."

ಮಾಮಾ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು.