ನೋಡಿ ಹೋಗುವ ಮೈದುನ

ಸೋಮವಾರ, ಬೆಳಿಗ್ಗೆ ಏಳೂವರೆ. ಹಾಜರಿದ್ದವರು: ಅಡುಗೆಮನೆಯಲ್ಲಿ ನಾನು, ಒಲೆಯ ಮೇಲೆ ಹಾಲು, ಕಿಟಕಿಯಲ್ಲಿ ನನ್ನ ಮೈದುನನ ಮುಖ.

ಈ ಮನುಷ್ಯನನ್ನು ನಂಬಬೇಡಿ. ಅವನೂ ಯಾರನ್ನೂ ನಂಬುವುದಿಲ್ಲ! ಮಧುಗಿರಿ ನಿಲ್ದಾಣದಲ್ಲಿ 'ಶಿರಾ' ಎಂಬ ಬೋರ್ಡಿನ ಬಸ್ಸು ಶಿರಾಕ್ಕೇ ಹೋಗುತ್ತದೆಯೇ ಎಂದು ಡ್ರೈವರನ್ನು ಕೇಳಿ, ಕಂಡಕ್ಟರನ್ನು ಕೇಳಿ, ಒಳಗೆ ಕೂತವರನ್ನೂ ವಿಚಾರಿಸುವಷ್ಟರಲ್ಲಿ ಬಸ್ಸು ಶಿರಾ ತಲುಪಿರುತ್ತದೆ.

ಎರಡು ತಿಂಗಳ ಹಿಂದೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಇವನು ಊರುಗೋಲು, ಗಂಟೆ, ಗೋಡೆಗೆ ಹಾಕುವ ಹಿಡಿಕಂಬಿ ಎಲ್ಲವನ್ನೂ ಹೊತ್ತು ತಂದು ಮನೆಯನ್ನೇ ಆಸ್ಪತ್ರೆ ಮಾಡಹೊರಟ. "ನನ್ನ ಮನೆಯಲ್ಲಿ ಏನನ್ನೂ ಮುಟ್ಟಬೇಡ!" ಎಂದು ಅಟ್ಟಿದೆ. ಅಂದಿನಿಂದ ದಿನವೂ ಏಳೂವರೆಗೆ ಬಂದು, ಇಣುಕಿ, ಕಾಫಿಯೂ ಬೇಡವೆಂದು ಹೋಗುತ್ತಾನೆ. ನಾನು ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಕಾಫಿ ಬೇಡ ಎನ್ನುವವನ ಮೇಲೆ ಅನುಮಾನ ಬರದಿರುತ್ತದೆಯೇ?

ಆ ಸೋಮವಾರ ಮಾತ್ರ ಓಡಿ ಒಳಗೇ ಬಂದ. ಹಿಂದೆಯೇ ಕೋಲು ಹಿಡಿದ ಕೆಂಚಮ್ಮ! ಕೊಡಿಗೇನಹಳ್ಳಿ ಕಡೆ ಕುರಿ ಮೇಯಿಸುವವಳು. ಇವನು ಕುರಿ ಸಾಕುವವರ ಸಂಘದ ಡೇಟಾಬೇಸಿಗೆ ಕೈಪಿಡಿ ಬರೆದವನು.

"ಏನ್ ಸ್ವಾಮಿ, ನಾಳೀಕೆ ಸೂಜಿ ಹಾಕಾಕೆ ಬತ್ತಾರೆ. ಪಟ್ಟೀನಾಗೆ ನನ್ ಕುರಿ ಒಂದೂ ಇಲ್ಲ! ಆಗ್ಲೇ ಹಾಕೈತೆ ಅಂತೈತೆ ನಿಮ್ ಕಂಪ್ಯೂಟರ್ರು. ಯಾವಾಗ, ಕನಸ್ನಾಗಾ? ಪಕ್ಕದ್ ಮಂದೇಗೆ ರೋಗ ಬಂದ್ಬುಟ್ಟೈತೆ ಕಣಮ್ಮ!" ಕೊನೆಯ ಮಾತು ನನಗೆ.

ಮೈದುನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ತಪ್ಪು ಸಿಕ್ಕಿತು. ಕೆಂಚಮ್ಮನ ಕುರಿಗಳಿಗೆ ಲಸಿಕೆ ಆಗಿದೆಯೇ ಎಂದು ಹೋದವಾರ ಸಂಘದವರು ಬರೀ ನೋಡಹೊರಟಿದ್ದರು. 'ನೋಡಲು ಇದನ್ನು ಬಳಸಿ' ಎಂದು ಇವನ ಕೈಪಿಡಿ ತೋರಿಸಿದ್ದ ಕಂಪ್ಯೂಟರ್ ಆದೇಶವನ್ನು ಬಳಸಿದರೆ, ಅದು 'ಲಸಿಕೆ ಆಯಿತು' ಎಂದು ಬರೆದೇಬಿಟ್ಟಿತ್ತು!

"ಅತ್ತಿಗೆ, ನಮ್ಮಲ್ಲಿ ಫಂಕ್ಷನ್ ಅಂದ್ರೆ ಕೇಳಿದ್ದಕ್ಕೆ ಉತ್ತರ ಕೊಡೋದು, ಅಷ್ಟೆ. ಏನನ್ನೂ ಮುಟ್ಟಲ್ಲ. ಸ್ಟೋರ್ಡ್ ಪ್ರೊಸೀಜರ್ ಅಂದ್ರೆ ಕರೆದ ತಕ್ಷಣ ಸಾಲಾಗಿ ಕೆಲಸ ಮಾಡೋದು. ಬರೆಯುತ್ತೆ, ಅಳಿಸುತ್ತೆ. ಉತ್ತರ ಕೊಟ್ರೆ ಕೊಡ್ತು, ಇಲ್ದಿದ್ರೆ ಇಲ್ಲ. ನಾನು ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿಬಿಟ್ಟಿದ್ದೀನಿ."

"ಹಾಗಾದರೆ ನಾನು ಯಾವುದು?"

"ಪ್ರೊಸೀಜರ್! ನೀರು ಕೇಳಿದ್ರೆ ಲೋಟ ತೊಳೀತೀರಿ, ಮೇಜು ಒರೆಸ್ತೀರಿ, ನನ್ನ ಚಪ್ಪಲಿ ಜೋಡಿಸ್ತೀರಿ. ನೀರು ಮಾತ್ರ ಬರಲ್ಲ."

ಕೆಂಚಮ್ಮ ಕೋಲು ಕುಟ್ಟಿದಳು. "ಇಣುಕಿ ನೋಡಾಕೆ ಅಂತ ಬಂದೋನು ಮಡಕೇಗೂ ಕೈ ಹಾಕ್ದ ಅನ್ನಿ! ಮೊದ್ಲು ನನ್ ಕುರಿ ಬರ್ಕೊಳ್ಳಿ."

ಕುರಿಗಳು ಪಟ್ಟಿಗೆ ಮರಳಿದವು. ಅವಳು ಮೂರು ಸಲ ಓದಿಸಿ ಕೇಳಿದಳು. ಆಮೇಲೆ ನಾನು ಹೇಳಿದೆ, ಅವನು ಬರೆದ. ಕೈಪಿಡಿಯಲ್ಲಿ ಒಂದು ಪುಟದ ತಲೆಗೆ: 'ಇವು ನೋಡುತ್ತವೆ, ಮುಟ್ಟುವುದಿಲ್ಲ.' ಇನ್ನೊಂದಕ್ಕೆ: 'ಇವು ಕೆಲಸ ಮಾಡುತ್ತವೆ. ಕರೆಯುವ ಮುನ್ನ ಯೋಚಿಸಿ.'

ಕೆಂಚಮ್ಮ ಹೋದಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಈಗ ಹೇಳು. ದಿನಾ ಕಿಟಕಿಯಲ್ಲಿ ಏನು ಹುಡುಕುತ್ತೀಯ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ನೀವು ಎದ್ದು ಓಡಾಡ್ತಿದ್ದೀರಾ ಅಂತ. ಮುಟ್ಟಬೇಡ ಅಂದ್ರಲ್ಲ ಅತ್ತಿಗೆ, ಅದಕ್ಕೇ ನೋಡಿ ಹೋಗ್ತೀನಿ."

ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ನಾನು ಒರೆಸಲಿಲ್ಲ.

ಸಂಜೆ ಆರಕ್ಕೆ, ಹಿತ್ತಲಿಗೆ ಎಸೆದಿದ್ದ ಹಿಡಿಕಂಬಿಯನ್ನು ತಂದು, ಬಚ್ಚಲಿನ ಗೋಡೆಗೆ ಅವನ ಕೈಯಲ್ಲೇ ಹಾಕಿಸಿದೆ. ಬಿಗಿಯಾಗಿದೆಯೇ ಎಂದು ಅವನು ಮೂರು ಸಲ ಎಳೆದು ನೋಡಿದ. ನಾಲ್ಕನೆಯ ಸಲ ನಾನು ಎಳೆದೆ.